ವಪೆಗೆ ಬಿದ್ದ ಪೆಟ್ಟು

ಗುತ್ತೂರು, ಹರಿಹರ, ದಾವಣಗೆರೆಗಳಲ್ಲಿ ನೆಲೆಸಿದವರಿಗೆ ಪುಣೆ–ಬೆಂಗಳೂರು ಹೆದ್ದಾರಿಯ ಅಪಘಾತಗಳು ಹೊಸತಲ್ಲ. ಅಡಿಕೆ ಮರದಿಂದ ಜಾರಿ ಬೀಳುವುದೂ ಹೋರಿ ತಿವಿಯುವುದೂ ಈ ಸೀಮೆಯಲ್ಲಿ ಉಂಟು. ಗಾಯ ಮಾಯುತ್ತದೆ, ಮುರಿದ ಪಕ್ಕೆಲುಬು ಕೂಡುತ್ತದೆ. ಮನೆಯವರು ಆ ಮಾತನ್ನೇ ಮರೆಯುತ್ತಾರೆ. ಆದರೆ ಒಳಗೊಂದು ಹರಕು ಉಳಿದಿರಬಹುದು.

ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದಂತೆ ಬಾಗಿದ ಸ್ನಾಯುವಿನ ಪರದೆಯೊಂದಿದೆ. ಅದೇ ವಪೆ. ಉಸಿರೆಳೆದಾಗ ಕೆಳಗಿಳಿಯುತ್ತದೆ, ಬಿಟ್ಟಾಗ ಮೇಲೇರುತ್ತದೆ. ಮುರಿದ ಕೈಗೆ ಪಟ್ಟಿ ಕಟ್ಟಿ ವಿಶ್ರಾಂತಿ ಕೊಡಬಹುದು. ವಪೆಗೆ ಗಳಿಗೆಯ ವಿರಾಮವೂ ಇಲ್ಲ. ಆದುದರಿಂದ ಅದರ ಹರಕು ತಾನಾಗಿ ಕೂಡುವುದು ಅಪರೂಪ. ಮೇಲಾಗಿ, ಎದೆಯೊಳಗಿನ ಒತ್ತಡ ಹೊಟ್ಟೆಯೊಳಗಿನದಕ್ಕಿಂತ ಕಡಿಮೆ. ಹೀಗಾಗಿ ಪ್ರತಿ ಉಸಿರೂ ಜಠರವನ್ನೋ ಕರುಳನ್ನೋ ಆ ಕಿಂಡಿಯಿಂದ ಇಷ್ಟಿಷ್ಟೇ ಮೇಲಕ್ಕೆಳೆಯುತ್ತದೆ. ಬಲಗಡೆ ಯಕೃತ್ತು ಅಡ್ಡವಾಗಿರುವುದರಿಂದ ಈ ತೊಂದರೆ ಎಡಗಡೆಯೇ ಹೆಚ್ಚು.

ಇದಕ್ಕೆ ತಿಂಗಳುಗಳು ಹಿಡಿಯಬಹುದು, ವರ್ಷಗಳೂ ಹಿಡಿಯಬಹುದು. ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆ 1579ರಲ್ಲಿ ಇಂಥದೊಂದು ಪ್ರಸಂಗವನ್ನು ಬರೆದಿಟ್ಟಿದ್ದಾನೆ. ಗುಂಡೇಟು ತಿಂದು ಬದುಕಿದ ಸೇನಾಧಿಕಾರಿಯೊಬ್ಬ ಎಂಟು ತಿಂಗಳ ಮೇಲೆ ತೀರಿಕೊಂಡ. ಕಿರುಬೆರಳ ತುದಿಯಷ್ಟೇ ತೂರುವ ರಂಧ್ರದಲ್ಲಿ ಅವನ ದೊಡ್ಡಕರುಳು ಸಿಕ್ಕಿಕೊಂಡಿತ್ತು. ರಂಧ್ರ ಚಿಕ್ಕದೆಂದು ಉಪೇಕ್ಷಿಸುವಂತಿಲ್ಲ. ಕರುಳನ್ನು ಹಿಸುಕುವುದು ಅಂಥದೇ.

ಉಂಡ ಮೇಲೆ ಏದುಸಿರು, ಎಡಭುಜಕ್ಕೆ ಹಾಯುವ ನೋವು, ಪದೇಪದೇ ವಾಂತಿ, ಎದೆಯಲ್ಲಿ ಗುಳುಗುಳು ಸದ್ದು, ಇವು ಸೂಚನೆಗಳು. ಅಜೀರ್ಣವೆಂದು ಸೋಡಾ ಕುಡಿದು ಸುಮ್ಮನಾಗುವವರುಂಟು. ನೋವು ಬಲವಾಗಿ, ವಾಂತಿ ನಿಲ್ಲದೆ, ವಾಯುವೂ ಹೊರಹೋಗದಿದ್ದರೆ ಕರುಳಿಗೆ ರಕ್ತ ಹರಿಯುವುದು ನಿಂತಿರಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮೇಲೇರಿದ ಜಠರವು ಎಕ್ಸ್-ರೇಯಲ್ಲಿ ಕೆಲವೊಮ್ಮೆ ಶ್ವಾಸಕೋಶದ ಸುತ್ತ ತುಂಬಿದ ಗಾಳಿಯಂತೆ ಕಂಡು ಮೋಸಗೊಳಿಸುತ್ತದೆ. ಅಂಥ ಸಂದೇಹಗಳನ್ನು ಬಹುಮಟ್ಟಿಗೆ ಬಿಡಿಸುವುದು ಸಿ.ಟಿ. ಸ್ಕ್ಯಾನ್.

ಇದಕ್ಕೆ ಮಾತ್ರೆಯಿಲ್ಲ, ಶಸ್ತ್ರಕ್ರಿಯೆಯೇ ಮದ್ದು. ಗಾಯ ಹೊಸದಾದರೆ ಸಾಮಾನ್ಯವಾಗಿ ಹೊಟ್ಟೆಯ ಕಡೆಯಿಂದಲೂ, ಹಳೆಯದಾಗಿ ಅಂಗಗಳು ಎದೆಯೊಳಗೆ ಅಂಟಿಕೊಂಡಿದ್ದರೆ ಅನೇಕ ವೇಳೆ ಎದೆಯ ಕಡೆಯಿಂದಲೂ ತೆರೆಯುತ್ತಾರೆ. ಅಂಗಗಳನ್ನು ಸ್ವಸ್ಥಾನಕ್ಕಿಳಿಸಿ, ಹರಕನ್ನು ಕರಗದ ದಾರದಿಂದ ಹೊಲಿಯುತ್ತಾರೆ. ಹರಕು ತೀರ ಅಗಲವಾಗಿದ್ದರೆ ಜಾಲರಿಯ ತೇಪೆ ಹಾಕುತ್ತಾರೆ. ಸಕಾಲದಲ್ಲಿ ಮಾಡಿದರೆ ಗುಣ ಕಾಣುವವರೇ ಹೆಚ್ಚು. ಕರುಳು ಕೊಳೆತ ಮೇಲೆ ಪ್ರಾಣಕ್ಕೇ ಅಪಾಯ.

ದಾವಣಗೆರೆಯಲ್ಲಿ 1965ರಿಂದಲೂ ವೈದ್ಯಕೀಯ ಕಾಲೇಜಿದೆ; ಈ ಭಾಗದವರು ಬಹುದೂರ ಅಲೆಯಬೇಕಾಗಿಲ್ಲ. ನೀವು ಮರೆಯದೆ ಮಾಡಬೇಕಾದ ಕೆಲಸ ಒಂದೇ. ಎದೆನೋವೆಂದೋ ಹೊಟ್ಟೆನೋವೆಂದೋ ಹೋದಾಗ, ಡಾಕ್ಟರು ಕೇಳದಿದ್ದರೂ, ಹತ್ತು ವರ್ಷದ ಹಿಂದಿನದಾದರೂ ಸರಿಯೇ, ಆ ಹಳೆಯ ಪೆಟ್ಟಿನ ಸಂಗತಿಯನ್ನು ಹೇಳಿ.