ಹೊಸ ಟಾಯರು, ಹಸಿ ರಸ್ತೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹಳ್ಳಿಗಳಿಂದ ಮೋಟಾರ್ ಸೈಕಲ್ ಮೇಲೆ ಕಾಲೇಜಿಗೆ ಬರುವವರು ಅನೇಕರು, ನಾನೂ ಅವರಲ್ಲೊಬ್ಬ. ಮಳೆಗಾಲಕ್ಕೆ ಸವೆದ ಟಾಯರು ಬದಲಿಸುವುದು ಜಾಣತನವೇ ಸರಿ. ಆದರೆ ‘ಹೊಸದಲ್ಲವೇ, ಇನ್ನೇನು ಭಯ?’ ಎಂದು ಅಂದೇ ವೇಗವಾಗಿ ಓಡಿಸುವುದು ಅಪಾಯಕರವೆಂದು ವಿನಯಪೂರ್ವಕವಾಗಿ ಹೇಳಬಯಸುತ್ತೇನೆ.

ಕಾರಣ ಸರಳ. ಅಚ್ಚಿನಿಂದ ಹೊರಬಂದ ಟಾಯರಿನ ಮೈ ನುಣುಪಾಗಿರುತ್ತದೆ; ಅಚ್ಚಿಗೆ ಅಂಟದಂತೆ ಬಳಸಿದ ಜಾರುವಸ್ತುವಿನ ಅಂಶವೂ ಉಳಿದಿರಬಹುದು. ರಸ್ತೆಗೆ ಉಜ್ಜಿ ತುಸು ಒರಟಾದ ಮೇಲೆಯೇ ಪೂರ್ತಿ ಹಿಡಿತ. ಇದಕ್ಕೆ ಸುಮಾರು 160 ಕಿ.ಮೀ. ಓಟ ಬೇಕೆಂಬುದು ವಾಡಿಕೆಯ ಲೆಕ್ಕ. ನೇರವಾಗಿಯೇ ಓಡಿಸಿದರೆ ನಡುಭಾಗ ಮಾತ್ರ ಪಳಗುತ್ತದೆ. ಆದ್ದರಿಂದ ರಸ್ತೆ ಒಣಗಿದ್ದಾಗ ತಿರುವುಗಳಲ್ಲಿ ಸ್ವಲ್ಪಸ್ವಲ್ಪವೇ ಹೆಚ್ಚು ವಾಲಿಸಿ ಅಂಚುಗಳನ್ನೂ ಪಳಗಿಸಬೇಕು.

ನಮ್ಮ ಸೀಮೆಯಲ್ಲಿ ಇನ್ನೊಂದು ತೊಡಕುಂಟು: ಎರೆಮಣ್ಣು. ನೀರು ಕುಡಿದು ಉಬ್ಬಿ ಅಂಟಾಗುವ ಈ ಮಣ್ಣನ್ನು ಹೊಲದಿಂದ ಬಂದ ಟ್ರ್ಯಾಕ್ಟರುಗಳು ಡಾಂಬರಿನ ಮೇಲೆ ಬಿಟ್ಟುಹೋಗುತ್ತವೆ. ಅದು ಟಾಯರಿನ ಗೀರುಗಳಲ್ಲಿ ತುಂಬಿದರೆ ನೀರು ಹೊರಹೋಗಲು ದಾರಿಯಿಲ್ಲ. ಕಿತ್ತೂರಿಗಿಂತ ರಾಮದುರ್ಗಕ್ಕೆ ಮಳೆ ಕಡಿಮೆ ನಿಜ. ಆದರೆ ಬಹುದಿನದ ಧೂಳು, ಎಣ್ಣೆ ಕಲೆತ ರಸ್ತೆಯಲ್ಲಿ ಮೊದಲ ಹನಿಗಳೇ ಹೆಚ್ಚು ಜಾರಿಸುತ್ತವೆ.

ಆದುದರಿಂದ ಮಿತ್ರರೇ, ಸಾಧ್ಯವಾದರೆ ಮಳೆ ಹಿಡಿಯುವ ಮುನ್ನವೇ ಟಾಯರು ಬದಲಿಸಿರಿ. ಟಾಯರು ತಣ್ಣಗಿದ್ದಾಗ, ಕಂಪನಿ ಹೇಳಿದಷ್ಟೇ ಗಾಳಿ ತುಂಬಿಸಿರಿ. ಹೊಳಪಿನ ಎಣ್ಣೆ ಬಳಿಯಬೇಡಿರಿ. ಮುಂದಿನ ವಾಹನದಿಂದ ದೂರವಿರಿ. ಎರಡೂ ಬ್ರೇಕುಗಳನ್ನು ತಿರುವಿಗೆ ಮುಂಚೆಯೇ ಮೆಲ್ಲಗೆ ಒತ್ತಿರಿ. ಮೊದಲ ತಾಸಿಗೆ ಹತ್ತು ನಿಮಿಷ ತಡವಾದರೆ ಗುರುಗಳು ಕ್ಷಮಿಸಿಯಾರು; ಮನೆಯಲ್ಲಿ ದಾರಿ ಕಾಯುವವರಿಗೆ ನಾವು ಸುಖವಾಗಿ ಮುಟ್ಟುವುದೇ ಮುಖ್ಯ.