ಬಕೆಟ್ ಪೆಟ್ರೋಲ್ ನಂಬಿ ಪಾಮಿರ್ ದಾಟುವಾಗ

ತಜಿಕಿಸ್ತಾನದ ಪಾಮಿರ್ ಹೆದ್ದಾರಿಯಲ್ಲಿ ಪೆಟ್ರೋಲ್ ಬಂಕ್ ಅಂದ್ರೆ ಎಷ್ಟೋ ಕಡೆ ಒಂದು ಮನೆ, ಮುಂದೊಂದು ಡ್ರಮ್, ಬಕೆಟ್ ಮತ್ತು ಆಲಿಕೆ. ಅಷ್ಟೇ! ಖೊರೋಗ್‌ನಿಂದ ಮುರ್ಗಾಬ್‌ಗೆ 300 ಕಿ.ಮೀ.ಗೂ ಹೆಚ್ಚು ದೂರ. ಅಲ್ಲಿಂದ ಮುಂದೆ 4,655 ಮೀಟರ್ ಎತ್ತರದ ಅಕ್‌ಬೈತಾಲ್ ಪಾಸ್. ನಡುವೆ ಬೈಕ್ ಕೈಕೊಟ್ಟರೆ ಮೆಕ್ಯಾನಿಕ್ ಸಿಗೋದು ಕಷ್ಟ, ರಾತ್ರಿಯ ಚಳಿ ಮಾತ್ರ ಗ್ಯಾರಂಟಿ. ಹಾಗಾಗಿ ಬಾಡಿಗೆ ಬೈಕಿನಲ್ಲಿ ಅಲ್ಲಿ ಓಡಾಡಿದಷ್ಟು ದಿನವೂ ನನ್ನ ಅರ್ಧ ಗಮನ ಪೆಟ್ರೋಲ್ ಮೇಲೇ ಇತ್ತು.

ಮೊದಲು ಆಕ್ಟೇನ್ ನಂಬರ್ ನೋಡಿ. ಮಧ್ಯ ಏಷ್ಯಾದಲ್ಲಿ 80, 92, 95 ಅಂತ ಬರೆದಿರುತ್ತಾರೆ. ನಮ್ಮಲ್ಲಿ 2020ರಲ್ಲಿ ಬಿಎಸ್-6 ಬಂದಾಗ ಸಾದಾ ಪೆಟ್ರೋಲ್ ಕೂಡ ಕನಿಷ್ಠ 91 ಇತ್ತು. ಈ ನಂಬರ್ ಕಡಿಮೆಯಾದಷ್ಟೂ ಎಂಜಿನ್ ಒಳಗಿನ ಒತ್ತಡ, ಬಿಸಿಗೆ ಪೆಟ್ರೋಲ್ ತಾನಾಗಿಯೇ ಸಿಡಿಯುವ ಸಾಧ್ಯತೆ ಹೆಚ್ಚು. ಆಗ ತಗಡಿನ ಡಬ್ಬಿಯಲ್ಲಿ ಸಣ್ಣ ಕಲ್ಲು ಅಲ್ಲಾಡಿಸಿದ ಹಾಗೆ ಸದ್ದು ಬರುತ್ತೆ. ಇದೇ ನಾಕಿಂಗ್. ಹಾಗೇ ಓಡಿಸುತ್ತಾ ಹೋದರೆ ಪಿಸ್ಟನ್ನಿಗೇ ಪೆಟ್ಟು.

ಏರಿನಲ್ಲಿ ಈ ಸದ್ದು ಕೇಳಿದಾಗಲೆಲ್ಲ ನಾನು ಮಾಡುತ್ತಿದ್ದುದು ಇಷ್ಟೇ: ಒಂದು ಗೇರ್ ಕಡಿಮೆ ಮಾಡಿ, ಆಕ್ಸಿಲರೇಟರ್ ಸ್ವಲ್ಪ ಸಡಿಲಿಸಿ, ಎಂಜಿನ್ನನ್ನು ಹಗುರಾಗಿ ತಿರುಗಲು ಬಿಡುವುದು. ಸಮಾಧಾನದ ವಿಷಯ ಅಂದ್ರೆ, ಎತ್ತರದಲ್ಲಿ ಗಾಳಿ ತೆಳು. ಸಿಲಿಂಡರ್ ಒತ್ತಡವೂ ಕಡಿಮೆ. ಅದೇ ಪೆಟ್ರೋಲ್ ತಗ್ಗಿನ ಬಿಸಿಲಲ್ಲಿ ಕೊಡುವಷ್ಟು ಕಾಟ ಅಲ್ಲಿ ಕೊಡಲ್ಲ.

ಎರಡನೆಯದು ನೀರು ಮತ್ತು ಕಸ. ಒಂದು ಪಾರದರ್ಶಕ ಬಾಟಲಿಗೆ ಸ್ವಲ್ಪ ಪೆಟ್ರೋಲ್ ಹಾಕಿಸಿ, ಕೆಲವು ನಿಮಿಷ ಅಲ್ಲಾಡಿಸದೆ ಇಡಿ. ನೀರು ಪೆಟ್ರೋಲಿಗಿಂತ ಭಾರ, ಇದ್ದರೆ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತೆ. ಕಂಡರೆ ಪಕ್ಕದ ಮನೆಯಲ್ಲಿ ವಿಚಾರಿಸಿ. ಸಣ್ಣ ಜಾಲರಿ ಇರುವ ಆಲಿಕೆ ನಿಮ್ಮ ಬ್ಯಾಗಿನಲ್ಲೇ ಇರಲಿ. ಬಕೆಟ್ಟಿನ ತಳದ ಕೊನೆಯ ಗುಟುಕನ್ನು ಟ್ಯಾಂಕಿಗೆ ಸುರಿಸಿಕೊಳ್ಳಬೇಡಿ, ಹತ್ತು ರೂಪಾಯಿ ಉಳಿಸಲು ಹೋಗಿ ಫ್ಯೂಯಲ್ ಪಂಪ್ ಕೆಡಿಸಿಕೊಂಡ ಹಾಗಾಗುತ್ತೆ.

ಮೂರನೆಯದು, ಅರ್ಧ ಟ್ಯಾಂಕ್ ಇರುವಾಗಲೇ ಒಳ್ಳೆಯ ಬಂಕ್ ಸಿಕ್ಕರೆ ತುಂಬಿಸಿಬಿಡಿ. ಮುಂದೆ 80 ಹಾಕಿಸಲೇಬೇಕಾದರೂ ಟ್ಯಾಂಕಿನಲ್ಲಿ ಉಳಿದ 92 ಜೊತೆ ಬೆರೆತು ನಡುವಿನ ಗುಣಮಟ್ಟ ಸಿಗುತ್ತೆ.

ಬೈಕ್ ಬಾಡಿಗೆಗೆ ಆರಿಸುವಾಗ ಸಿಸಿ, ಪವರ್ ಜೊತೆ ಕಂಪ್ರೆಶನ್ ರೇಶಿಯೋ ಕೂಡ ಕೇಳಿ. ನಮ್ಮ ಹಳೇ ಹಿಮಾಲಯನ್ 411ರದ್ದು 9.5. ಇಂಥ ಎಂಜಿನ್‌ಗಳು ಸಾಧಾರಣ ಪೆಟ್ರೋಲ್‌ಗೂ ಹೊಂದಿಕೊಳ್ಳುತ್ತವೆ. ಇದು 12 ದಾಟಿದ ರೇಸಿಂಗ್ ಬಗೆಯ ಬೈಕಾದರೆ, ಎಷ್ಟೇ ಚೆಂದವಿದ್ದರೂ ಆ ದಾರಿಗೆ ಬೇಡ.