ಕೊಲೆ ಆರೋಪಿಯ ಮನೆಯವರು

ಕೊಲೆ ಪ್ರಕರಣದಲ್ಲಿ ಒಬ್ಬರನ್ನು ಪೊಲೀಸರು ಹಿಡಿದೊಯ್ದ ಮೇಲೆ ಅವರ ಮನೆಯಲ್ಲಿ ಉಳಿದವರ ಮೇಲೆ ಇನ್ನೊಂದು ವಿಚಾರಣೆ ಶುರುವಾಗುತ್ತದೆ. ಇದನ್ನು ನಡೆಸುವವರು ನೆರೆಹೊರೆಯವರು, ವರದಿಗಾರರು, ಮುಖ ನೋಡದ ಅಪರಿಚಿತರು. ತಂದೆ ತಾಯಿ ಎಂಥ ಬುದ್ಧಿ ಕಲಿಸಿದ್ದರು, ಹೆಂಡತಿಗೆ ಗೊತ್ತಿಲ್ಲದೆ ಇದ್ದೀತೇ, ಮಕ್ಕಳಿಗೂ ಅದೇ ಗುಣ ಬಂದಿದ್ದರೆ ಏನು ಗತಿ ಎಂದು ಕೇಳುತ್ತಾರೆ. ನ್ಯಾಯಾಲಯದಲ್ಲಿ ಆರೋಪ ರುಜುವಾಗಲು ವರ್ಷಗಳೇ ಬೇಕು. ಮನೆಯವರ ವಿಷಯದಲ್ಲಿ ಮಾತ್ರ ತೀರ್ಪು ಅದೇ ವಾರ ಹೊರಬೀಳುತ್ತದೆ.

ಇದು ಎಲ್ಲ ದೇಶಗಳಲ್ಲೂ ಇದೆ. ಆದರೆ ಇದರ ಪರಿಣಾಮ ಜಪಾನಿನಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಅಪರೂಪ. ಅಲ್ಲಿ ಇಂಥವರನ್ನು ‘ಕಗೈಷಾ ಕಝೊಕು’, ಅಂದರೆ ಕೇಡು ಮಾಡಿದವರ ಕುಟುಂಬ, ಎಂದು ಕರೆಯುತ್ತಾರೆ. ಅವರ ಪಾಡಿನ ಬಗ್ಗೆ ಪುಸ್ತಕಗಳು ಬಂದಿವೆ, ದೂರದರ್ಶನ ಕಾರ್ಯಕ್ರಮಗಳಾಗಿವೆ, ಅವರಿಗಾಗಿಯೇ ಕೆಲಸ ಮಾಡುವ ಸಂಸ್ಥೆಯೂ ಹುಟ್ಟಿದೆ.

1998ರ ಜುಲೈ 25ರಂದು ಪಶ್ಚಿಮ ಜಪಾನಿನ ವಾಕಯಾಮಾ ನಗರದ ಸೊನೊಬೆ ಎಂಬ ಬಡಾವಣೆಯಲ್ಲಿ ಬೇಸಿಗೆ ಹಬ್ಬ ನಡೆಯಿತು. ಬಡಾವಣೆಯವರೇ ದೊಡ್ಡ ಪಾತ್ರೆಯಲ್ಲಿ ಮಾಡಿದ್ದ ಕರಿ-ಅನ್ನ ತಿಂದ 67 ಮಂದಿ ಅಸ್ವಸ್ಥರಾದರು, ನಾಲ್ವರು ಸತ್ತರು. ಸತ್ತವರಲ್ಲಿ ಒಬ್ಬ ಬಾಲಕನೂ ಒಬ್ಬ ಬಾಲಕಿಯೂ ಇದ್ದರು. ಮೊದಲು ಕೆಟ್ಟ ಊಟದ ಪರಿಣಾಮ ಎಂದರು, ಆಮೇಲೆ ಸಯನೈಡ್ ಎಂದರು. ಕೊನೆಗೆ ಪಾತ್ರೆಗೆ ಆರ್ಸೆನಿಕ್, ಅಂದರೆ ಪಾಷಾಣ, ಬೆರೆಸಲಾಗಿತ್ತು ಎಂದು ಗೊತ್ತಾಯಿತು. ಆಗಸ್ಟ್ ತಿಂಗಳ ಕೊನೆಯ ಹೊತ್ತಿಗೆ ಅನುಮಾನ ಅದೇ ಬಡಾವಣೆಯ ಹಯಾಶಿ ಮಸುಮಿ ಎಂಬ ಗೃಹಿಣಿಯ ಮೇಲೆ ನಿಂತಿತು. ಆಕೆ ಹಿಂದೆ ವಿಮಾ ಏಜೆಂಟ್ ಆಗಿದ್ದವರು. ಗಂಡ ಗೆದ್ದಲು ನಾಶ ಮಾಡುವ ಉದ್ಯೋಗದಲ್ಲಿದ್ದವರು, ಆ ಕೆಲಸಕ್ಕೆ ಆರ್ಸೆನಿಕ್ ಬಳಕೆಯಾಗುತ್ತಿತ್ತು.

ಆಕೆಯ ಬಂಧನವಾದದ್ದು ಅಕ್ಟೋಬರ್ 4ರಂದು. ಅದಕ್ಕೂ ಮುಂಚಿನ ಒಂದು ತಿಂಗಳಿಗೂ ಹೆಚ್ಚು ಕಾಲ ಆ ಮನೆಯನ್ನು ವರದಿಗಾರರು ಹಗಲೂ ರಾತ್ರಿ ಸುತ್ತುವರಿದಿದ್ದರು. ಛಾಯಾಗ್ರಾಹಕರು ಕಾಂಪೌಂಡ್ ಗೋಡೆಗೆ ಏಣಿ ಇಟ್ಟು ಒಳಗೆ ಇಣುಕುತ್ತಿದ್ದರು. ಬೇಸತ್ತ ಮಸುಮಿ ಒಂದು ದಿನ ನೀರಿನ ಪೈಪು ಹಿಡಿದು ಅವರ ಮೇಲೆ ನೀರು ಹಾಯಿಸಿದರು. ಆ ದೃಶ್ಯ ಮತ್ತೆ ಮತ್ತೆ ಪ್ರಸಾರವಾಗಿ, ವಿಷ ಹಾಕಿದ ಹೆಂಗಸು ಎಂದರೆ ಇವಳೇ ಎಂದು ದೇಶದ ಮನಸ್ಸಿನಲ್ಲಿ ಅಚ್ಚೊತ್ತಿತು. ಆಗಿನ್ನೂ ಆಕೆಯ ಮೇಲೆ ಆರೋಪಪಟ್ಟಿಯೇ ಇರಲಿಲ್ಲ. ಆ ಮನೆಯೊಳಗೆ ಶಾಲೆಗೆ ಹೋಗುವ ಮಕ್ಕಳಿದ್ದರು ಎಂಬುದನ್ನು ಏಣಿ ಹತ್ತಿದವರು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಬಂಧನದ ದಿನ ಗಂಡನನ್ನೂ ವಿಮಾ ವಂಚನೆಯ ಆರೋಪದ ಮೇಲೆ ಹಿಡಿದೊಯ್ದರು. ನಾಲ್ಕು ಮಕ್ಕಳು ಒಂದೇ ದಿನ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು ಮಕ್ಕಳ ಪಾಲನಾಗೃಹ ಸೇರಿದರು. ಅಲ್ಲಿಯೂ ಅವರು ಯಾರ ಮಕ್ಕಳೆಂಬುದು ಎಲ್ಲರಿಗೂ ಗೊತ್ತಿತ್ತು, ಕಿರುಕುಳ ತಪ್ಪಲಿಲ್ಲ. ಖಾಲಿ ಬಿದ್ದ ಮನೆಯ ಗೋಡೆಗಳ ತುಂಬ ಯಾರ್‍ಯಾರೋ ಬಂದು ಬೈಗುಳ ಬರೆದು ಹೋದರು. 2000ರ ಫೆಬ್ರುವರಿಯಲ್ಲಿ ಆ ಮನೆಗೆ ಬೆಂಕಿ ಹಚ್ಚಲಾಯಿತು. ಮಸುಮಿಗೆ 2002ರಲ್ಲಿ ಮರಣದಂಡನೆ ವಿಧಿಸಲಾಯಿತು. 2009ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ತಾನು ನಿರಪರಾಧಿ ಎಂದು ಆಕೆ ಇಂದಿಗೂ ಹೇಳುತ್ತಾರೆ. ತೀರ್ಪು ನಿಂತಿರುವುದು ಸಾಂದರ್ಭಿಕ ಸಾಕ್ಷ್ಯದ ಮೇಲೆ, ಉದ್ದೇಶವೇನೆಂಬುದು ಖಚಿತವಾಗಲಿಲ್ಲ.

ಆ ಮಕ್ಕಳಲ್ಲಿ ಒಬ್ಬರಾದ ಮಗ ಬೆಳೆದು ದೊಡ್ಡವರಾದ ಮೇಲೆ ಹೆಸರು ಹೇಳದೆ ಮಾಧ್ಯಮಗಳೆದುರು ಮಾತನಾಡತೊಡಗಿದರು, 2019ರಲ್ಲಿ ಪುಸ್ತಕವನ್ನೂ ಬರೆದರು. ಹೋಟೆಲೊಂದರಲ್ಲಿ ಸಿಕ್ಕಿದ್ದ ಕೆಲಸ, ತಾಯಿ ಯಾರೆಂದು ಗೊತ್ತಾದ ಮೇಲೆ ಕೈತಪ್ಪಿತು. ಮಾತುಕತೆಯ ಹಂತಕ್ಕೆ ಬಂದಿದ್ದ ಮದುವೆ, ಹುಡುಗಿಯ ಮನೆಯವರಿಗೆ ನಿಜ ಹೇಳಿದ ಕೂಡಲೇ ಮುರಿಯಿತು. ಘಟನೆ ನಡೆದಾಗ ಅವರು ಪ್ರಾಥಮಿಕ ಶಾಲೆಯ ಹುಡುಗ. 2024ರಲ್ಲಿ ಈ ಪ್ರಕರಣವನ್ನು ಮತ್ತೆ ಕೆದಕಿದ ‘ಮಮ್ಮಿ’ ಎಂಬ ಸಾಕ್ಷ್ಯಚಿತ್ರ ಬಿಡುಗಡೆಯಾಗುವ ಹೊತ್ತಿಗೆ ಕುಟುಂಬದ ಮೇಲೆ ಹೊಸದಾಗಿ ನಿಂದನೆ ಶುರುವಾಯಿತು. ಕೆಲವು ದೃಶ್ಯಗಳನ್ನು ಮಾರ್ಪಡಿಸಿ ಚಿತ್ರವನ್ನು ತೆರೆಗೆ ತರಬೇಕಾಯಿತು. ಕರಿಯಲ್ಲಿ ವಿಷ ಬೆರೆತು ಅಷ್ಟರಲ್ಲಿ 26 ವರ್ಷ ಕಳೆದಿತ್ತು.

ಇದು ಮೊದಲನೆಯದೇನೂ ಅಲ್ಲ. 1988–89ರಲ್ಲಿ ಟೋಕಿಯೊ ಸುತ್ತಮುತ್ತ ನಾಲ್ಕು ಪುಟ್ಟ ಹೆಣ್ಣುಮಕ್ಕಳನ್ನು ಕೊಂದ ಮಿಯಝಾಕಿ ತ್ಸುತೊಮು ಎಂಬಾತನ ತಂದೆ ಊರಿನಲ್ಲಿ ಒಂದು ಸ್ಥಳೀಯ ಪತ್ರಿಕೆ ನಡೆಸುತ್ತಿದ್ದ ಗಣ್ಯರು. ಸುದ್ದಿ ಬರೆಯುತ್ತಿದ್ದವರ ಮನೆಯೇ ಸುದ್ದಿಯಾಯಿತು. ಪತ್ರಿಕೆ ನಿಂತಿತು, ಮಗಳೊಬ್ಬಳ ನಿಶ್ಚಯವಾಗಿದ್ದ ಮದುವೆ ಮುರಿಯಿತು, ಬಂಧುಬಳಗಕ್ಕೂ ಬಿಸಿ ತಟ್ಟಿತು. ಮಗನಿಗಾಗಿ ವಕೀಲರನ್ನಿಡಲು ಒಪ್ಪದ ಆ ತಂದೆ 1994ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. 2008ರ ಜೂನ್ 8ರಂದು ಟೋಕಿಯೊದ ಅಕಿಹಾಬರಾ ಮಾರುಕಟ್ಟೆಯಲ್ಲಿ ಒಬ್ಬಾತ ಜನರ ಮೇಲೆ ಲಾರಿ ಹಾಯಿಸಿ, ಚಾಕುವಿನಿಂದ ಇರಿದು ಏಳು ಮಂದಿಯನ್ನು ಕೊಂದ. ಅವನ ತಂದೆ ತಾಯಿ ಮನೆಯೆದುರು ಕ್ಯಾಮೆರಾಗಳ ಮುಂದೆ ನಿಂತು ತಲೆಬಾಗಿ ಕ್ಷಮೆ ಕೇಳಿದರು. ತಾಯಿ ನಿಲ್ಲಲಾರದೆ ಕುಸಿದರು. ತಮ್ಮನಾದವನು ಕೆಲಸ ಬಿಟ್ಟ, ಮನೆಯ ಮೇಲೆ ಮನೆ ಬದಲಿಸಿದ. ಹೋದಲ್ಲೆಲ್ಲ ವರದಿಗಾರರು ಹುಡುಕಿಕೊಂಡು ಬಂದರು. 2014ರಲ್ಲಿ ಅವನೂ ಪ್ರಾಣ ಕಳೆದುಕೊಂಡ. ಕೊಲೆಗಾರ ಅಣ್ಣನನ್ನು ಗಲ್ಲಿಗೇರಿಸಿದ್ದು 2022ರಲ್ಲಿ, ತಮ್ಮ ಸತ್ತು ಎಂಟು ವರ್ಷಗಳಾದ ಮೇಲೆ.

ಒಬ್ಬನ ತಪ್ಪಿಗೆ ಇಡೀ ಮನೆಯನ್ನು ಹೊಣೆ ಮಾಡುವ ಪದ್ಧತಿಗೆ ಜಪಾನಿನಲ್ಲಿ ಹಳೆಯ ಬೇರಿದೆ. ಎದೋ ಕಾಲದ ಆಡಳಿತದಲ್ಲಿ ಅಪರಾಧಿಯ ರಕ್ತಸಂಬಂಧಿಗಳನ್ನೂ ಶಿಕ್ಷಿಸುವ ‘ಎನ್‌ಝಾ’ ಎಂಬ ಕ್ರಮವಿತ್ತು. ಹದಿನೆಂಟನೇ ಶತಮಾನದಲ್ಲೇ ಅದನ್ನು ಒಡೆಯನನ್ನೋ ಹೆತ್ತವರನ್ನೋ ಕೊಂದಂಥ ಘೋರ ಅಪರಾಧಗಳಿಗೆ ಸೀಮಿತಗೊಳಿಸಿದರು. ಮೇಜಿ ಕಾಲದಲ್ಲಿ ಆಧುನಿಕ ದಂಡಸಂಹಿತೆ ಬಂದಾಗ ಅದು ಕಾನೂನಿನಿಂದ ಅಳಿಯಿತು. ಇಂದಿನ ಜಪಾನಿನ ಕಾನೂನು ಮನೆಯವರ ಬಗ್ಗೆ ಮೃದುವಾಗಿಯೇ ಇದೆ. ಅಲ್ಲಿನ ದಂಡಸಂಹಿತೆಯ 105ನೇ ವಿಧಿಯ ಪ್ರಕಾರ, ಅಪರಾಧಿಯನ್ನು ಬಚ್ಚಿಟ್ಟವರು ಅಥವಾ ಸಾಕ್ಷ್ಯ ನಾಶ ಮಾಡಿದವರು ಅವನ ಬಂಧುಗಳೇ ಆಗಿದ್ದು, ಅವನಿಗಾಗಿ ಹಾಗೆ ಮಾಡಿದ್ದರೆ ನ್ಯಾಯಾಲಯ ಅವರಿಗೆ ಶಿಕ್ಷೆಯಿಂದ ವಿನಾಯಿತಿ ಕೊಡಬಹುದು. ಹೆತ್ತ ಕರುಳು ಮಗನನ್ನು ಪೊಲೀಸರಿಗೆ ಒಪ್ಪಿಸಲಾರದು ಎಂಬುದನ್ನು ಕಾನೂನೇ ಬಲ್ಲದು. ಭಾರತದ ಕಾನೂನಿನಲ್ಲೂ ಇದರ ಛಾಯೆ ಇದೆ: ಅಪರಾಧಿಗೆ ಆಶ್ರಯ ಕೊಡುವುದನ್ನು ಶಿಕ್ಷಾರ್ಹವೆನ್ನುವ ಭಾರತೀಯ ನ್ಯಾಯ ಸಂಹಿತೆಯ 249ನೇ ಕಲಂ, ಆಶ್ರಯ ಕೊಟ್ಟವರು ಗಂಡ ಅಥವಾ ಹೆಂಡತಿಯಾಗಿದ್ದರೆ ಅನ್ವಯವಾಗುವುದಿಲ್ಲ.

ಕಾನೂನು ಬಿಟ್ಟುಕೊಟ್ಟದ್ದನ್ನು ಸಮಾಜ ಬಿಟ್ಟುಕೊಡಲಿಲ್ಲ. 2003ರ ಜುಲೈನಲ್ಲಿ ನಾಗಸಾಕಿಯಲ್ಲಿ 12 ವರ್ಷದ ಹುಡುಗನೊಬ್ಬ ನಾಲ್ಕು ವರ್ಷದ ಮಗುವನ್ನು ಕೊಂದಾಗ, ಸಂಪುಟದ ಸಚಿವರಾಗಿದ್ದ ಕೊನೊಇಕೆ ಯೊಶಿತಾದಾ ಅವರು ಆ ಹುಡುಗನ ಹೆತ್ತವರನ್ನು ಊರಲ್ಲೆಲ್ಲ ಎಳೆದಾಡಿ ತಲೆ ಕಡಿಯಬೇಕು ಎಂಬರ್ಥದ ಮಾತಾಡಿದರು. ಎದೋ ಕಾಲದ ಶಿಕ್ಷೆ ಇಪ್ಪತ್ತೊಂದನೇ ಶತಮಾನದ ಸಚಿವರ ಬಾಯಲ್ಲಿ ಬಂದದ್ದನ್ನು ಬಾಯಿತಪ್ಪಿದ ಮಾತು ಎಂದು ತಳ್ಳಿಹಾಕುವಂತಿಲ್ಲ. ಜನರ ಸಿಟ್ಟು ಯಾವ ಕಡೆ ಹರಿಯುತ್ತಿದೆ ಎಂಬುದನ್ನು ಬಲ್ಲ ರಾಜಕಾರಣಿಯ ಮಾತು ಅದು.

ಆ ಸಿಟ್ಟಿನ ಹಿಂದೆ ನಿಜವಾದ ನೋವಿದೆ ಎಂಬುದನ್ನು ಮರೆಯಬಾರದು. ಮಗುವನ್ನು ಕಳೆದುಕೊಂಡ ಮನೆಯೆದುರು ನಿಂತು, ಕೊಂದವನ ತಾಯಿಯೂ ಅಳುತ್ತಿದ್ದಾಳೆ ಎಂದು ಹೇಳುವುದು ಕಷ್ಟದ ಕೆಲಸ. ಬಹುಕಾಲ ಸತ್ತವರ ಮನೆಯವರನ್ನೂ ಜಪಾನಿನ ವ್ಯವಸ್ಥೆ ಕಡೆಗಣಿಸಿತ್ತು. ಅಪರಾಧಕ್ಕೆ ಬಲಿಯಾದವರ ಹಕ್ಕುಗಳ ಮೂಲ ಕಾಯ್ದೆ ಅಲ್ಲಿ ಬಂದದ್ದು 2004ರಲ್ಲಿ. ಮೊದಲ ಕಾಳಜಿ ಅವರಿಗೇ ಸಲ್ಲಬೇಕು. ಆದರೆ ಆರೋಪಿಯ ತಂಗಿಯ ಮದುವೆ ಮುರಿದುಬಿದ್ದರೆ ಸತ್ತವರ ಮನೆಯವರಿಗೆ ಸಿಗುವುದೇನು? ಅಷ್ಟೇ ಅಲ್ಲ, ಜಪಾನಿನಲ್ಲಿ ನಡೆಯುವ ಕೊಲೆಗಳಲ್ಲಿ ಸುಮಾರು ಅರ್ಧದಷ್ಟು ಬಂಧುಗಳ ನಡುವೆಯೇ ನಡೆಯುತ್ತವೆ. ಅಂಥಲ್ಲಿ ಸತ್ತವರ ಮನೆ ಮತ್ತು ಕೊಂದವರ ಮನೆ ಒಂದೇ. ಅಪ್ಪ ಅಮ್ಮನನ್ನು ಕೊಂದ ಮನೆಯ ಮಗು ಯಾವ ಸಾಲಿನಲ್ಲಿ ನಿಲ್ಲಬೇಕು? ಜನರ ಕಣ್ಣಿಗೆ ಅದು ಕೊಲೆಗಾರನ ಮಗು.

ಮನೆಯವರನ್ನು ಪ್ರಶ್ನಿಸಲೇಬಾರದು ಎಂದೇನಿಲ್ಲ. ಅವರು ಏನು ಕಂಡರು, ಏನು ಮಾಡಿದರು, ತಡೆಯಬಹುದಾಗಿತ್ತೇ ಎಂಬುದು ತನಿಖೆಗೆ ಬೇಕಾದ ಪ್ರಶ್ನೆ. 2021ರ ನವೆಂಬರ್ 30ರಂದು ಅಮೆರಿಕದ ಮಿಶಿಗನ್ ರಾಜ್ಯದ ಆಕ್ಸ್‌ಫರ್ಡ್ ಪ್ರೌಢಶಾಲೆಯಲ್ಲಿ 15 ವರ್ಷದ ಹುಡುಗ ನಾಲ್ವರು ವಿದ್ಯಾರ್ಥಿಗಳನ್ನು ಗುಂಡಿಟ್ಟು ಕೊಂದ. ಅವನಿಗೆ ಪಿಸ್ತೂಲು ಕೊಡಿಸಿದ್ದವರು ಹೆತ್ತವರು. ಅಂದು ಬೆಳಿಗ್ಗೆ ಶಾಲೆಯವರು ಕರೆಸಿ ಅವನು ಬರೆದಿದ್ದ ಭಯಾನಕ ಚಿತ್ರ ತೋರಿಸಿದರೂ ಅವನನ್ನು ಮನೆಗೆ ಕರೆದೊಯ್ಯಲಿಲ್ಲ. ತಂದೆ ಜೇಮ್ಸ್ ಕ್ರಂಬ್ಲಿ, ತಾಯಿ ಜೆನ್ನಿಫರ್ ಕ್ರಂಬ್ಲಿ ಇಬ್ಬರ ವಿಚಾರಣೆಯೂ ಬೇರೆ ಬೇರೆಯಾಗಿ ನಡೆದು, 2024ರ ಏಪ್ರಿಲ್‌ನಲ್ಲಿ ತಲಾ 10ರಿಂದ 15 ವರ್ಷಗಳ ಸೆರೆವಾಸ ವಿಧಿಸಲಾಯಿತು. ಈ ಶಿಕ್ಷೆ ಅವರು ಹೆತ್ತವರಾದ ಕಾರಣಕ್ಕೆ ಬಂದದ್ದಲ್ಲ. ಅವರು ಮಾಡಿದ ಮತ್ತು ಮಾಡದೇ ಬಿಟ್ಟ ಕೆಲಸಗಳನ್ನು ಒಂದೊಂದಾಗಿ ಸಾಕ್ಷಿಯೊಂದಿಗೆ ಜ್ಯೂರಿಯ ಮುಂದಿಟ್ಟು, ಅವರಿಗೆ ಉತ್ತರ ಹೇಳಲು ಅವಕಾಶ ಕೊಟ್ಟ ಮೇಲೆ ಬಂದದ್ದು. ವಾಕಯಾಮಾದ ಮಗನ ಮೇಲೆ ಹೀಗೆ ಯಾರೂ ಯಾವ ಆರೋಪವನ್ನೂ ಹೊರಿಸಲಿಲ್ಲ. ಆದ್ದರಿಂದ ಅವರು ಅದನ್ನು ಅಲ್ಲಗಳೆದು ಗೆಲ್ಲುವ ದಾರಿಯೂ ಇರಲಿಲ್ಲ.

ಜನರ ವರ್ತನೆ ಎಲ್ಲ ಕಡೆ ಒಂದೇ ಬಗೆಯಲ್ಲಿ ಇರಲೇಬೇಕೆಂದಿಲ್ಲ ಎಂಬುದಕ್ಕೂ ಅಮೆರಿಕದಲ್ಲೇ ಉದಾಹರಣೆಯಿದೆ. 1998ರ ಮಾರ್ಚ್‌ನಲ್ಲಿ ಆರ್ಕನ್ಸಾ ರಾಜ್ಯದ ಜೋನ್ಸ್‌ಬರೋ ಊರಿನ ಶಾಲೆಯಲ್ಲಿ 11 ಮತ್ತು 13 ವರ್ಷದ ಇಬ್ಬರು ಹುಡುಗರು ಗುಂಡು ಹಾರಿಸಿ ನಾಲ್ವರು ಬಾಲಕಿಯರನ್ನೂ ಒಬ್ಬ ಶಿಕ್ಷಕಿಯನ್ನೂ ಕೊಂದರು. ಆ ಹುಡುಗರಲ್ಲಿ ಒಬ್ಬನ ತಾಯಿಯನ್ನು ಕಂಡ ಜಪಾನಿ ಪತ್ರಕರ್ತ ಶಿಮೊಮುರಾ ಕೆನ್‌ಇಚಿ, ದೇಶದ ಮೂಲೆಮೂಲೆಯಿಂದ ಆಕೆಗೆ ಬಂದ ಪತ್ರಗಳನ್ನು ನೋಡಿ ಬೆರಗಾದರು. ಅವು ನಿಂದನೆಯ ಪತ್ರಗಳಾಗಿರಲಿಲ್ಲ. ಈಗ ನಿನ್ನ ಮಗನಿಗೆ ನೀನು ಬೇಕು, ಧೈರ್ಯ ತಂದುಕೋ ಎಂಬ ಧಾಟಿಯವು. ಜಪಾನಿನಲ್ಲಿ ಈ ಸಂಗತಿಯನ್ನು ಇಂದಿಗೂ ನೆನೆಯುತ್ತಾರೆ. ಅಮೆರಿಕದ ಜನರೆಲ್ಲ ಉದಾರಿಗಳೆಂದು ಇದರರ್ಥವಲ್ಲ. ಮರುವರ್ಷ ಕೊಲರಾಡೊದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ಹುಡುಗರು 13 ಮಂದಿಯನ್ನು ಕೊಂದು ತಾವೂ ಸತ್ತಾಗ, ಒಬ್ಬ ಬಡಗಿ 15 ಶಿಲುಬೆಗಳನ್ನು ಮಾಡಿ ಗುಡ್ಡದ ಮೇಲೆ ನೆಟ್ಟಿದ್ದ. ಕೊಂದವರ ಹೆಸರಿನ ಎರಡನ್ನು ಸತ್ತ ವಿದ್ಯಾರ್ಥಿಯೊಬ್ಬನ ತಂದೆ ಕಿತ್ತುಹಾಕಿದರು. ಕೊಂದವರಲ್ಲಿ ಒಬ್ಬನ ತಾಯಿ ಸೂ ಕ್ಲೆಬೋಲ್ಡ್ ತನ್ನ ಮಗನನ್ನು ಕುರಿತ ಪುಸ್ತಕ ಪ್ರಕಟಿಸಲು 17 ವರ್ಷ ಹಿಡಿಯಿತು.

ಜಪಾನಿನಲ್ಲಿ ಬದಲಾವಣೆ ನಿಧಾನವಾಗಿ ಬರುತ್ತಿದೆ. ಗುಂಪುಗೂಡಿ ಮನೆಗಳಿಗೆ ಮುತ್ತಿಗೆ ಹಾಕುವ ವರದಿಗಾರಿಕೆಯ ಬಗ್ಗೆ ಟೀಕೆ ಹೆಚ್ಚಿದಾಗ ಅಲ್ಲಿನ ಪತ್ರಿಕಾ ಸಂಘ 2001ರ ಡಿಸೆಂಬರ್‌ನಲ್ಲಿ ಸಂಯಮದ ಸೂತ್ರಗಳನ್ನು ಪ್ರಕಟಿಸಿತು. 2008ರಲ್ಲಿ, ತೊಹೊಕು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಅಬೆ ಕ್ಯೊಕೊ ಅವರು ಸೆಂದಾಯ್ ನಗರದಲ್ಲಿ ‘ವರ್ಲ್ಡ್ ಓಪನ್ ಹಾರ್ಟ್’ ಎಂಬ ಸಂಸ್ಥೆ ಕಟ್ಟಿದರು. ಆರೋಪಿಗಳ ಮನೆಯವರಿಗೆ ಫೋನಿನಲ್ಲಿ ಸಲಹೆ ಕೊಡುವುದು, ಅಂಥವರನ್ನು ಒಂದೆಡೆ ಸೇರಿಸಿ ಮಾತಾಡಲು ಬಿಡುವುದು ಅದರ ಕೆಲಸ. ಅವರ ಕಷ್ಟಗಳು ದೊಡ್ಡ ತಾತ್ವಿಕ ಪ್ರಶ್ನೆಗಳಲ್ಲ. ಬಾಗಿಲಲ್ಲಿ ನಿಂತ ಕ್ಯಾಮೆರಾದವರಿಗೆ ಏನು ಹೇಳಬೇಕು, ಮಗುವನ್ನು ನಾಳೆ ಶಾಲೆಗೆ ಕಳಿಸಬಹುದೇ, ಬಾಡಿಗೆ ಮನೆಯ ಮಾಲೀಕರು ಖಾಲಿ ಮಾಡಿ ಎಂದರೆ ಎಲ್ಲಿಗೆ ಹೋಗಬೇಕು, ಸತ್ತವರ ಮನೆಗೆ ಕ್ಷಮೆ ಕೇಳಲು ಹೋಗಬೇಕೇ ಬೇಡವೇ ಎಂಬಂಥವು.

ಭಾರತದಲ್ಲಿ ಈ ವಿಷಯ ಬೇರೊಂದು ದಾರಿಯಿಂದ ಸುಪ್ರೀಂ ಕೋರ್ಟಿನ ಮುಂದೆ ಬಂತು. ಕೆಲವು ರಾಜ್ಯಗಳಲ್ಲಿ ಅಪರಾಧದ ಆರೋಪ ಹೊತ್ತವರ ಮನೆಗಳನ್ನು, ಅಕ್ರಮ ಕಟ್ಟಡ ಎಂಬ ಕಾರಣ ಕೊಟ್ಟು, ಬುಲ್ಡೋಜರಿನಿಂದ ಕೆಡವುವ ರೂಢಿ ಶುರುವಾಗಿತ್ತು. ಆರೋಪಿ ಜೈಲಿನಲ್ಲಿರುತ್ತಿದ್ದ, ಬೀದಿಗೆ ಬೀಳುತ್ತಿದ್ದವರು ಅವನ ಮನೆಯವರು. 2024ರ ನವೆಂಬರ್ 13ರಂದು ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಅವರ ಪೀಠ, ಒಬ್ಬನ ಮೇಲೆ ಆರೋಪವಿದೆ ಎಂಬ ಕಾರಣಕ್ಕೆ ಮನೆ ಕೆಡವಿದರೆ ಅದು ಇಡೀ ಕುಟುಂಬಕ್ಕೆ ಕೊಟ್ಟ ಸಾಮೂಹಿಕ ಶಿಕ್ಷೆಯಾಗುತ್ತದೆ, ಸಂವಿಧಾನ ಅದನ್ನು ಒಪ್ಪುವುದಿಲ್ಲ ಎಂದಿತು. ಕೆಡವುವ ಮುನ್ನ ಕನಿಷ್ಠ 15 ದಿನಗಳ ನೋಟಿಸ್ ಕೊಡಬೇಕು, ನಿಯಮ ಮೀರಿದರೆ ಅಧಿಕಾರಿ ತನ್ನ ಸ್ವಂತ ಹಣದಿಂದ ನಷ್ಟ ತುಂಬಿಕೊಡಬೇಕು ಎಂದು ಆದೇಶಿಸಿತು. ಕೊಲೆ ಆರೋಪಿಯ ಪರ ವಕಾಲತ್ತು ವಹಿಸಬಾರದು ಎಂದು ವಕೀಲರ ಸಂಘಗಳು ನಿರ್ಣಯ ಮಾಡುವುದೂ ನಮ್ಮಲ್ಲಿ ಉಂಟು. ಆಗ ವಕೀಲರಿಗಾಗಿ ಊರೂರು ಅಲೆಯುವವರು ಮನೆಯವರೇ. ಅಂಥ ನಿರ್ಣಯಗಳು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ.

ಬುಲ್ಡೋಜರನ್ನು ತಡೆಯಲು ನ್ಯಾಯಾಲಯಕ್ಕೆ ಸಾಧ್ಯವಾಯಿತು. ಮೊಬೈಲುಗಳಲ್ಲಿ ಹರಿದಾಡುವುದನ್ನು ಅದೊಂದೇ ತಡೆಯಲಾರದು. ಕೊಲೆಯ ಸುದ್ದಿಯ ಬೆನ್ನಿಗೆ ಆರೋಪಿಯ ಹೆಂಡತಿಯ ಫೋನ್ ನಂಬರ್, ಮನೆಯ ವಿಳಾಸ, ಮಕ್ಕಳ ಶಾಲೆಯ ಹೆಸರು, ಮದುವೆಯ ಫೋಟೊಗಳು ವಾಟ್ಸ್‌ಆ್ಯಪ್‌ನಲ್ಲಿ ಬಂದರೆ, ಓದುಗರು ಅವನ್ನು ಇನ್ನೊಬ್ಬರಿಗೆ ಕಳಿಸದೆ ಅಳಿಸಿಹಾಕಬೇಕು. ಅದೇ ಬೀದಿಯಲ್ಲಿ ಇರುವವರು ಆ ಮನೆಯ ಮಕ್ಕಳನ್ನು ಮೊದಲಿನಂತೆಯೇ ಮಾತಾಡಿಸಬೇಕು.